ಒಲ್ಲೆ

ಹ್ಯಾಲಿಫ್ಯಾಕ್ಸಿನ ಮೇಲಣ ಗುಡ್ಡ. ಅಲ್ಲಿ ಗಾಳಿಗೆ ಯಾರೂ ಬೇಲಿ ಹಾಕಿಲ್ಲ.
ಕರಿಕಲ್ಲಿನ ಗೋಡೆ, ಕೆಸರು, ತುಕ್ಕು ಹಿಡಿದ ಒಂದು ಗೇಟು.
ಬಸ್ ಡಿಪೋದವರು ಕೊಟ್ಟ ಚೀಟಿಯಲ್ಲಿ ಬರೆದಿತ್ತು:
ಗುರುವಾರ ಹತ್ತೂವರೆ. ಆರು ವಾರ. ಗಟ್ಟಿ ಬೂಟು ತರುವುದು.
ಏನು ತರಬಾರದೆಂದು ಬರೆದಿರಲಿಲ್ಲ,
ಅದಕ್ಕೇ ಎಲ್ಲವನ್ನೂ ಹೊತ್ತು ತಂದಿದ್ದೆ.

ಜಿಲಿಯನ್ ಕೈಕುಲುಕಿದಳು. ಉಪ್ಪುಕಾಗದದಂಥ ಅಂಗೈ.
'ಇವಳು ಟೀಸೆಲ್. ಹತ್ತೊಂಬತ್ತು ವರ್ಷ.
ಹಗ್ಗ ಗೇಟಿನ ಮೇಲೇ ಇರಲಿ.
ಹಿಡಿಯಬೇಡ, ದಸ್ತಗೀರ್. ಕೇಳು.'

ಹಿಡಿಯದೆ ಕುದುರೆಯನ್ನು ಏನು ಮಾಡುತ್ತಾರೆ?
ಗದಗಿನ ಟೇಶನ್ ಮುಂದೆ ನಮ್ಮಜ್ಜನ ಟಾಂಗಾ ನಿಲ್ಲುತ್ತಿತ್ತು.
ಸುಲ್ತಾನನ ಕಣ್ಣಿಗೆ ಎರಡೂ ಕಡೆ ಚರ್ಮದ ಪಟ್ಟಿ,
ಬಾಯೊಳಗೆ ಕಬ್ಬಿಣ, ಬೆನ್ನ ಮೇಲೆ ಸುಂಯ್ ಎನ್ನುವ ಬಾರುಕೋಲು.
ಅಜ್ಜ ಕೆಟ್ಟವನಲ್ಲ. ರಾತ್ರಿ ಹುರುಳಿ ನೆನೆಸಿಡುತ್ತಿದ್ದ,
ತಾನು ಉಣ್ಣುವ ಮೊದಲು ಅದಕ್ಕೆ ಇಡುತ್ತಿದ್ದ.
ಆದರೆ ಕೇಳಿದ್ದು? ಒಂದು ದಿನವೂ ಇಲ್ಲ.

ಒಂದು ಹೆಜ್ಜೆ ಇಟ್ಟೆ. ಟೀಸೆಲ್ ಕಿವಿ ಹಿಂದಕ್ಕೆ ಹಾಕಿ
ಹೊಲದ ಆ ತುದಿಗೆ ನಡೆದುಬಿಟ್ಟಳು, ಅವಸರವಿಲ್ಲದೆ,
ಬಸ್ಸು ತಪ್ಪಿ ಮನೆಯ ಕಡೆ ಹೊರಟ ಮುದುಕಿಯಂತೆ.
'ಏನಂದಳು?'
'ಒಲ್ಲೆ ಅಂದಳು.'
'ಹಾಗಂದರೆ?'
ನನ್ನ ಇಂಗ್ಲಿಷ್ ತಡವರಿಸಿತು. ನೋ ಅಲ್ಲ ಅದು.
ಉಣ್ಣುತ್ತ ಕೂತವರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಂತೆ.
ಸಿಟ್ಟಿಲ್ಲ, ಕಾರಣವೂ ಇಲ್ಲ.
ನಮ್ಮ ಓಣಿಯ ಕೂಸುಗಳು ನಡೆಯುವ ಮೊದಲೇ ಕಲಿಯುವ ಮಾತು.
ನಾನು ಎಲ್ಲಿ ಬೀಳಿಸಿದೆನೋ.
ಡಬಲ್ ಡ್ಯೂಟಿಗೆ ಹೂಂ, ಕ್ರಿಸ್‌ಮಸ್ ಪಾಳಿಗೆ ಹೂಂ,
ನವೆಂಬರಿನ ಆ ಸಂಜೆ, ಕಣ್ಣೆಳೆಯುತ್ತಿದ್ದರೂ,
ಇನ್ನೊಂದೇ ಟ್ರಿಪ್ಪು ಎಂದಾಗಲೂ ಹೂಂ.

ಎರಡನೆಯ ವಾರ ಮಳೆ. ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತೆ.
ಯಾರೂ ಏನೂ ಕೇಳಲಿಲ್ಲ. ಅವಳು ಹುಲ್ಲು ಹರಿಯುವ ಸದ್ದು ಮಾತ್ರ,
ಹಳೇ ಅರಿವೆ ಸೀಳಿದ ಹಾಗೆ, ಪರ್, ಪರ್.
ಬೂಟಿನೊಳಗೆ ನನ್ನ ಬಲಗಾಲು ಬ್ರೇಕ್ ಒತ್ತುತ್ತಲೇ ಇತ್ತು.
ಹನ್ನೊಂದು ತಿಂಗಳಿಂದ ಒತ್ತುತ್ತಿದೆ, ಹಾಸಿಗೆಯಲ್ಲೂ.
ನೀಲಿ ಚೀಲದ ಹುಡುಗಿ ಬದುಕಿದ್ದಾಳೆ. ಕುಂಟುತ್ತಾಳಂತೆ.
ತಪ್ಪು ನಿಮ್ಮದಲ್ಲವೆಂದು ಮೂರು ಪುಟದ ಕಾಗದ ಬಂತು.
ಕಾಲಿಗೆ ಓದು ಬರುವುದಿಲ್ಲ.

ಕುದುರೆ ಕಂಡರೆ ಕಾಲುನೋವು ಎಂದು ಅವ್ವ ಛೇಡಿಸುತ್ತಿದ್ದಳು
ಸಂತೆಯಿಂದ ನಡೆಯಲು ಹಟ ಹಿಡಿದಾಗೆಲ್ಲ.
ನೋಡವ್ವಾ, ಈ ಸಲ ಕಾಲುನೋವು ಮೊದಲು ಬಂತು.

ಮೂರನೆಯ ವಾರ ಅವಳಾಗೇ ಹತ್ತಿರ ಬಂದು, ಬೆನ್ನು ಕೊಟ್ಟು,
ಕಾಲಗಲಿಸಿ ಉಚ್ಚೆ ಹೊಯ್ದಳು. ನಲ್ಲಿ ಮುರಿದ ಹಾಗೆ. ಮುಗಿಯುವುದೇ ಇಲ್ಲ.
ನಕ್ಕೆ. ನಕ್ಕದ್ದು ಕೇಳಿಸಿ ಹೆದರಿದೆ.
ಗೋಡೆಯಾಚೆ ಜಿಲಿಯನ್ ಚಹಾದ ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದಳು,
ಏನೂ ನೋಡದವಳಂತೆ.

ನಾಲ್ಕನೆಯ ವಾರ ನಾನು ಹೋಗಲಿಲ್ಲ.

'ಕಳೆದ ಗುರುವಾರ ಟೀಸೆಲ್ ಗೇಟಿನ ಬಳಿಯೇ ನಿಂತಿದ್ದಳು.
ನಿನಗಾಗಿ ಅಂತ ಹೇಳಲಾರೆ. ಅಲ್ಲಿ ಬಿಸಿಲಿತ್ತು.'
ಕೈ ಚಾಚಿದೆ. ಅರ್ಧಕ್ಕೆ ನಿಲ್ಲಿಸಿದೆ.
ಉಳಿದರ್ಧ ಅವಳು ನಡೆದಳು.
ಮಣಿಕಟ್ಟಿನ ಮೇಲೆ ಬಿಸಿಯುಸಿರು. ಬಾಯಿಯ ಮೂಲೆಯಲ್ಲಿ
ಹಳೆಯ ಗಾಯದ ಗಂಟು, ಸುಲ್ತಾನನಿಗೂ ಅಲ್ಲೇ ಇತ್ತು.
ಎಷ್ಟೋ ವರ್ಷದ ಮೇಲೆ ಓಣಿಯ ಮಾತಲ್ಲಿ ಕೇಳಿದೆ:
'ಮುಟ್ಲೇನ?'
ಒಂದು ಕಿವಿ ತಿರುಗಿತು. ಇನ್ನೊಂದು ಯೋಚಿಸುತ್ತಿತ್ತು.
ಕಾದೆ. ಕೆಳಗಿನ ರಸ್ತೆಯಲ್ಲಿ ಬಸ್ಸೊಂದು
ಮುಲುಗುತ್ತ ದಿಣ್ಣೆ ಏರಿ ಹೋಯಿತು.
ಹೋದ ಮೇಲೆ ಗೊತ್ತಾಯಿತು, ಕಾಲು ಸುಮ್ಮನಿತ್ತು.

ಮರುದಿನ ಡಿಪೋದಿಂದ ಫೋನು:
ಸೋಮವಾರ ಬೆಳಗಿನ ಪಾಳಿಗೆ ಬರಬಹುದಲ್ಲ?
ಹೂಂ ಎನ್ನಲು ಬಾಯಿ ಆಗಲೇ ತೆರೆದಿತ್ತು.
ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.
ಇನ್ನೂ ಒಂದು ಗುರುವಾರ ಇದೆ, ಅಂದೆ.