ಸದರಿ ವಿಳಾಸ

ಸದರಿ ಮಹಿಳೆ ಸದರಿ ವಿಳಾಸದಲ್ಲಿ
ನಿಜಕ್ಕೂ ವಾಸವಿದ್ದಾಳೋ ಇಲ್ಲವೋ
ಖುದ್ದು ನೋಡಿ ವರದಿ ಮಾಡತಕ್ಕದ್ದು
ಎಂದು ಎಸ್ಪಿ ಆಫೀಸಿನ ಕಾಗದ.
ಹಾಸನದಿಂದ ಆಲೂರಿಗೆ ಬೈಕಿನಲ್ಲಿ ಅರ್ಧ ಗಂಟೆ.
ಪೆಟ್ರೋಲ್ ಟ್ಯಾಂಕಿನ ಮೇಲೆ ಫೈಲು,
ಫೈಲಿನೊಳಗೆ ಆಕೆಯ ಹನ್ನೊಂದು ವರ್ಷ.

ಹೆಸರು ನಿಲ್ಮಿಣಿ. ದೇಶ ಶ್ರೀಲಂಕಾ.
ಗಂಡ ರುದ್ರೇಶ, ಕುವೈತಿನಲ್ಲಿ ವೆಲ್ಡಿಂಗ್ ಕಲಿತವನು,
ಈಗ ರೈಲ್ವೆ ಗೇಟಿನ ಪಕ್ಕ ಅಂಗಡಿ.
ಬಂದ ಉದ್ದೇಶ ಎಂಬಲ್ಲಿ ಯಾರೋ
ಮದುವೆ ಎಂದು ಬರೆದು, ಹೊಡೆದು, ಮತ್ತೆ
ಮದುವೆ ಎಂದೇ ಬರೆದಿದ್ದರು.

ಬಾಗಿಲಿಗೆ ಬೀಗ.
ಪಕ್ಕದ ಮನೆಯ ಪುಟ್ಟತಾಯಮ್ಮನನ್ನು ಕೇಳಿದೆ,
ಇಲ್ಲಿ ಇರ್ತಾರಾ ಅವರು?
"ಇರ್ತಾಳಾ ಅಂತ ಕೇಳ್ತೀರಲ್ಲ ಸಾ,
ನಲ್ಲೀತಾವ ನನ್ ಬಿಂದಿಗೆ ಹಿಂದಕ್ಕೆ ತಳ್ಳಿ
ನಮ್ ಮಾತಲ್ಲೇ ನನ್ನ ಬೈದವಳು.
ನಾಕು ವರ್ಸಾಯ್ತು ಮಾತು ಬಿಟ್ಟು.
ಇಲ್ದೇ ಇದ್ರೆ ಮಾತು ಬಿಡೋದು ಯಾರ ಜೊತೆ?"
ಜಗಳಕ್ಕೆ ಕಾಲಂ ಇಲ್ಲ.
'ನೆರೆಹೊರೆಯವರು ಸದರಿಯವರನ್ನು ಬಲ್ಲರು'
ಎಂದಷ್ಟೇ ಬರೆದುಕೊಂಡೆ.

ಆಲೂಗಡ್ಡೆ ಮಂಡಿಯಿಂದ ಬಂದಳು, ಕಾಲೆಲ್ಲ ಕೆಮ್ಮಣ್ಣು.
ಖಾಕಿ ಕಂಡವಳೇ ಒಳಗೆ ಓಡಿ
ಬಿಸ್ಕತ್ತಿನ ಡಬ್ಬ ತಂದಳು.
ಬಿಸ್ಕತ್ತಲ್ಲ, ಪರ್ಮಿಟ್ಟುಗಳು.
ಒಂದೊಂದೂ ಒಂದು ವರ್ಷ ಬದುಕಿ ಸತ್ತದ್ದು,
ಒಂದೊಂದರ ತಿಥಿಯೂ ಅವಳಿಗೆ ಬಾಯಿಪಾಠ.

ಕರೆಂಟು ಬಿಲ್ಲು ಅತ್ತೆಯ ಹೆಸರಲ್ಲಿ,
ಅತ್ತೆ ಹೋಗಿ ಆರು ವರ್ಷ.
ರೇಷನ್ ಕಾರ್ಡಿನಲ್ಲಿ ಮಗಳಿದ್ದಾಳೆ, ತಾಯಿ ಇಲ್ಲ.
"ಏಳು ವರ್ಷ ಆದ್ಮೇಲೆ ನಿಮ್ಮೋಳೇ ಅಂದಿದ್ರು ಸರ್.
ನಡುವೆ ಅಮ್ಮ ಸತ್ತಾಗ
ಊರಲ್ಲಿ ಆರು ವಾರ ಇದ್ದೆ.
ಅದನ್ನ ಕಳೀಬೇಕಾ,
ಮೊದಲಿಂದ ಎಣಿಸ್ಬೇಕಾ?"
ಗೊತ್ತಿಲ್ಲ ಎಂದೆ.
ನಿಜಕ್ಕೂ ಗೊತ್ತಿರಲಿಲ್ಲ.

ಬಾಗಿಲ ಸಂದಿಯಲ್ಲಿ ನಿಂತ ಮಗಳನ್ನು
ಎನ್ನ, ಎನ್ನ ಎಂದು ಕರೆದಳು.
ಶಾಲೆಯಲ್ಲಿ ಓದಿದ ವಚನ ಬಿಟ್ಟರೆ
ಯಾರ ಬಾಯಲ್ಲೂ ಕೇಳಿರದ ಪದ.
ನನ್ನವಳು ಅಂತಲೇನಮ್ಮ?
"ಅಲ್ಲ ಸರ್. ನಮ್ಮ ಕಡೆ
ಎನ್ನ ಅಂದ್ರೆ ಬಾ ಅಂತ."

ಟೀ ಕೊಟ್ಟು ಕೇಳಿದಳು,
ನಿಮ್ದು ಯಾವೂರು ಸರ್?
ಕೆಂಚನಕೊಪ್ಪಲು.
ಎಲ್ಲಿ ಬರುತ್ತೆ?
ಹೇಮಾವತಿ ನೀರೊಳಗೆ.
ಊರು ಬಿಟ್ಟ ದಿನ ನಾನು ಅಪ್ಪನ ಹೆಗಲ ಮೇಲಿದ್ದೆನಂತೆ,
ಕೈಯಲ್ಲಿ ಲಾಟೀನಿನ ಗಾಜು ಕೊಟ್ಟಿದ್ದರಂತೆ.
ಬಿಸಿಲು ಜೋರಾದ ವರ್ಷ ನೀರು ತಗ್ಗಿ
ಬಾವಿಯ ಕಟ್ಟೆ ಕಾಣುತ್ತದೆ, ಮೇಲೊಂದು ಕೊಕ್ಕರೆ.
ನನ್ನ ಸೇವಾ ಪುಸ್ತಕದಲ್ಲಿ
ಖಾಯಂ ವಿಳಾಸ ಈಗಲೂ ಅದೇ.
ಇಪ್ಪತ್ತೆಂಟು ವರ್ಷದ ನೌಕರಿ,
ಇದ್ದೀನೋ ಇಲ್ಲವೋ ಅಂತ
ಒಬ್ಬರೂ ಅಲ್ಲಿಗೆ ಹೋಗಿ ನೋಡಿಲ್ಲ.

ಅವಳು ಅಯ್ಯೋ ಅನ್ನಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು,
"ಅಲ್ಲಿ ಮೀನು ಸಿಗುತ್ತಾ?" ಅಂದಳು.
ಸಿಗುತ್ತೆ ಎಂದೆ.

ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯಬೇಕು,
ಡೋರ್ ನಂಬರು ಕಾಣುವಂತೆ.
ನಂಬರು ಅಳಿಸಿಹೋಗಿತ್ತು.
ಮಗಳು ಇದ್ದಿಲಲ್ಲಿ ಬರೆದಳು,
ಐದನ್ನು ಮೊದಲು ತಿರುವುಮುರುವಾಗಿ,
ಆಮೇಲೆ ಸರಿಯಾಗಿ.

ಸದರಿ ಮಹಿಳೆಯು ಸದರಿ ವಿಳಾಸದಲ್ಲಿ
ವಾಸವಿರುವುದು ದೃಢಪಟ್ಟಿದೆ ಎಂದು
ರಾತ್ರಿ ಕ್ವಾರ್ಟರ್ಸಿನಲ್ಲಿ ಕೂತು ಬರೆದೆ.
ಮೇಲಿನವರು ಓದಿ
ಇನ್ನೊಂದು ವರ್ಷ ಕೊಡಬಹುದು.

ಫೋಟೋದ ಅಂಚಿನಲ್ಲಿ
ಪುಟ್ಟತಾಯಮ್ಮನ ಅರ್ಧ ಮುಖ ಬಂದಿತ್ತು,
ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು.
ಕತ್ತರಿಸಬೇಕಿತ್ತು.
ಹಾಗೇ ಅಂಟಿಸಿದೆ.