ನಾಲ್ಕು ಇಂಚು ಐದು ಸೆಂಟು

ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿಯ ಮಹಡಿಯಲ್ಲಿ
ನನ್ನದೊಂದು ಕಂಪ್ಯೂಟರು, ಒಂದು ಯುಪಿಎಸ್ಸು, ಎರಡು ಕುರ್ಚಿ.
ಮಾದಾಪುರದಾಚೆಯ ಎಸ್ಟೇಟಿನ ಪಳಂಗಪ್ಪನವರು
ಪೆನ್‌ಡ್ರೈವ್ ಕೊಟ್ಟು, ಮಳೆಯ ಹಳೇ ಬುಕ್ಕುಗಳನ್ನು
ಅಕ್ಕಿಚೀಲದಲ್ಲಿ ಇಳಿಸಿ ಹೇಳಿದ್ದರು:
‘ಸರಾಸರಿ ತೆಗೆದುಕೊಡಮ್ಮ, ಶನಿವಾರ ವಿಮೆಯವರು ಬರ್ತಾರೆ.’

ತೆಗೆದೆ.
ವರ್ಷಕ್ಕೆ ಮೂರು ಲಕ್ಷ ಇಂಚು.
ನೂಹ್ ನಬಿಯ ಹಡಗೂ ಕಂಡಿರದ ಮಳೆ.
ಪಕ್ಕದಲ್ಲೇ ಡೇಟಾಬೇಸು ಬಿಟ್ಟುಹೋದ ತಪ್ಪುಗಳ ಪಟ್ಟಿ:
ಇನ್ನೂರ ಹದಿನೇಳು ಸಾಲು, ಎಲ್ಲದಕ್ಕೂ ಒಂದೇ ದೂರು,
ಟೈಪು ಹೊಂದಲಿಲ್ಲ, ಟೈಪು ಹೊಂದಲಿಲ್ಲ.

ಹೊಂದದವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿದೆ.

ಬುಕ್ಕಿನಲ್ಲಿ ರೈಟರ್ ಚಾತುಕುಟ್ಟಿಯ ನೀಲಿ ಮಸಿ:
೪-೫. ನಾಲ್ಕು ಇಂಚು, ಐದು ಸೆಂಟು.
ಎಕ್ಸೆಲ್ಲಿಗೆ ತುಂಬಿದ ಹುಡುಗ ಇದ್ದಹಾಗೇ ಹೊಡೆದ, ಅವನ ತಪ್ಪಿಲ್ಲ.
ಎಕ್ಸೆಲ್ಲು ಓದಿಕೊಂಡದ್ದು ಮೇ ನಾಲ್ಕು.
ಆ ತಾರೀಕನ್ನು ಅಂಕಿ ಮಾಡೆಂದಾಗ
ಸಾವಿರದ ಒಂಬೈನೂರರಿಂದ ಒಂದೊಂದೇ ದಿನ ಎಣಿಸುತ್ತ ಬಂದು
ನಲವತ್ತೈದು ಸಾವಿರದ ನಾನೂರ ಹದಿನಾರು ಎಂದಿತು.
೨-೩೫ ಆಗಿತ್ತು ಮೂವತ್ತೈದರ ಫೆಬ್ರವರಿ,
ಚಾತುಕುಟ್ಟಿ ಹುಟ್ಟುವುದಕ್ಕೂ ಮುಂಚಿನ ಮಳೆ.
ಪೆಟ್ಟಾಗದೆ ಉಳಿದದ್ದು ೧೩-೨೦.
ಹದಿಮೂರನೇ ತಿಂಗಳೂ ಇಲ್ಲ, ಇಪ್ಪತ್ತನೆಯದೂ ಇಲ್ಲವಲ್ಲ,
ಕಕ್ಕಡದ ಆ ಒಂದು ದಿನ ಬರೆದಂತೆಯೇ ಬಚಾವಾಗಿತ್ತು.

ಬುಕ್ಕು ತೊಡೆಯ ಮೇಲಿಟ್ಟು ಎಲ್ಲವನ್ನೂ ಮತ್ತೆ ಅಕ್ಷರಕ್ಕೆ ಇಳಿಸಿದೆ,
ನಡುಗೆರೆಯಲ್ಲಿ ಸೀಳಿದೆ, ಎಡಕ್ಕೆ ಇಂಚು, ಬಲಕ್ಕೆ ಸೆಂಟು,
ಬಲದ್ದನ್ನು ನೂರರಿಂದ ಭಾಗಿಸಿ ಕೂಡಿಸಿದೆ.
ನಾಲ್ಕು ಬಿಂದು ಸೊನ್ನೆ ಐದು.
ನಾಲ್ಕೂವರೆ ಅಲ್ಲ. ಅವಸರಪಟ್ಟರೆ
ನಲವತ್ತೈದು ಸೆಂಟು ಸುಳ್ಳು ಮಳೆ ಸುರಿಯುತ್ತದೆ.

ಆಮೇಲೆ ಬಂದವು, ಅಂಕಿಯಾಗಲು ಮನಸ್ಸಿಲ್ಲದವು.
‘ಗೇಜು ತುಂಬಿ ಚೆಲ್ಲಿತು.’
‘ಮಳೆ ಉಂಟು, ಅಳೆಯಲಿಲ್ಲ. ಮಗಳಿಗೆ ಹೆರಿಗೆ.’
‘ಗೇಜಿನ ಹತ್ತಿರ ಆನೆ ನಿಂತಿದೆ.’
ಮರುದಿನ, ‘ಇನ್ನೂ.’
ಅಡ್ಡಗೆರೆ ಎಂದರೆ ಮಳೆ ಬರಲಿಲ್ಲ.
ಖಾಲಿ ಚೌಕ ಎಂದರೆ ಹೋಗಿ ನೋಡಿದವರಿಲ್ಲ.
ಕೊನೆಯ ಬುಕ್ಕಿನಲ್ಲಿ ಬೇರೆ ಯಾರದೋ ಕೈಬರಹ,
ಎರಡು ಸಾವಿರದ ಹದಿನೆಂಟು, ಆಗಸ್ಟು:
‘ಗೇಜು ಗುಡ್ಡದ ಜೊತೆ ಹೋಯಿತು.’
ಅದರ ಕೆಳಗೆ ಹನ್ನೊಂದು ಚೌಕ. ಗೆರೆ ಕೂಡ ಇಲ್ಲ.

ಫೋನು ಮಾಡಿದೆ. ‘ಅವಕ್ಕೆಲ್ಲ ಸೊನ್ನೆ ಹಾಕಿಬಿಡಮ್ಮ’ ಎಂದರು.
ಹಾಕಿದರೆ ಹೊಂದುತ್ತದೆ ಸಾರ್, ಯಂತ್ರ ತಕರಾರು ಮಾಡುವುದಿಲ್ಲ.
ಗುಡ್ಡ ಜಾರಿದ ವಾರ ಒಂದು ಹನಿಯೂ ಬೀಳಲಿಲ್ಲವೆಂದು
ವಿಮೆಯವರೆದುರು ನೀವೇ ಸಹಿ ಹಾಕಿದ ಹಾಗೆ ಆಗುತ್ತದೆ, ಅಷ್ಟೇ.
ಆ ಕಡೆ ಸ್ವಲ್ಪ ಹೊತ್ತು ಬರೀ ಮಿಕ್ಸಿಯ ಸದ್ದು.
‘ನಿಂಗೆ ಗೊತ್ತಿದ್ದ ಹಾಗೆ ಮಾಡು.’

ಇನ್ನೊಂದು ಕಾಲಂ ತೆರೆದೆ, ಷರಾ ಎಂದು ಹೆಸರಿಟ್ಟೆ.
ಆನೆ ಅಲ್ಲಿಗೆ ಬಂದು ನಿಂತಿತು. ಹೆರಿಗೆ ಅಲ್ಲಾಯಿತು.
ಅಂಕಿಯ ಮನೆ ಖಾಲಿ ಬಿಟ್ಟೆ, ಲೆಕ್ಕ ಅದನ್ನು ಮುಟ್ಟದೆ ದಾಟಿಕೊಂಡಿತು.
ಅಳೆದ ದಿನಗಳ ಮಟ್ಟಿಗೆ
ನೂರ ಎಂಟು ಇಂಚು, ಹದಿನಾಲ್ಕು ಸೆಂಟು.

ರಾತ್ರಿ ಎಂಟೂವರೆ. ಕೆಳಗೆ ಕೋಳಿ ಅಂಗಡಿಯ ಶಟರು ಇಳಿಯಿತು.
ಬಿಲ್ಲು ಮಾಡಲು ನನ್ನದೇ ಟೇಬಲ್ಲು ತೆರೆದೆ,
ಮೊತ್ತದ ಮನೆಯಲ್ಲಿ ಕೈ ತಾನಾಗಿ ಹೊಡೆಯಿತು: ೧೪೦೦/-
ಇದು ಇಲ್ಲಿ ಸಲ್ಲದು, ಎಂದಿತು ಯಂತ್ರ.

ಬಾಳೆಮಂಡಿಯಲ್ಲಿ ಚೀಟಿ ಬರೆಯುತ್ತಿದ್ದ ಉಪ್ಪ ಕಲಿಸಿದ್ದ ಗೆರೆ ಅದು.
ಅಂಕಿಯ ಮುಂದೆ ಬಾಗಿಲು ಹಾಕಿಬಿಡಬೇಕು ಮಗಳೇ,
ತೆರೆದಿಟ್ಟರೆ ಯಾರಾದರೂ ಸೊನ್ನೆ ಸೇರಿಸಿ ಹೋಗುತ್ತಾರೆ.

ಅಳಿಸಿದೆ.
ಕಾಗದದ ರಸೀದಿಯಲ್ಲಿ ಮಾತ್ರ
ಪೆನ್ನಿನಿಂದ ಎಳೆದು ಕೊಟ್ಟೆ.