ಒಲೆ ಎಲ್ಲಿ?

ಹಡಗಿನ ಮಾತಿನಲ್ಲಿ ಭಂಡಾರಿ; ಅಂದರೆ ಅಡುಗೆಯವನು.
ಮನೆ ಮಾಜಾಳಿ, ಹೆಸರು ಠಾಕು ಹರಿಕಂತ್ರ.
ಬಂದರು ಸಿಕ್ಕರೆ ಉಳಿದವರು ಬಜಾರಿಗೆ,
ಗಡಿಯಾರಕ್ಕೆ, ಸೆಂಟಿನ ಬಾಟಲಿಗೆ;
ನಾನು ಟಿಕೆಟು ಕೊಂಡು ಅರಮನೆಗೆ.

ಅರಸರಿಲ್ಲದ ಅರಮನೆ. ಬೂಟಿನ ಮೇಲೊಂದು
ಬಟ್ಟೆಯ ಚೀಲ ತೊಡಿಸುತ್ತಾರೆ,
ನೆಲಕ್ಕೆ ನೋವಾಗಬಾರದಂತೆ.
ಮಂಚ ನೋಡಿದರೆ ಗಿಡ್ಡ. ಕೂತೇ ಮಲಗುತ್ತಿದ್ದರಂತೆ,
ಮೈಚಾಚಿದರೆ ಹೆಣದಂತೆ ಕಂಡೇವೆಂಬ ಅಂಜಿಕೆ.
ಕಾವಲಿನವಳಿಗೆ ನಾನು ಕೈಸನ್ನೆಯಲ್ಲಿ ಕೇಳುತ್ತಿದ್ದೆ:
ಒಲೆ ಎಲ್ಲಿ?

ಇಸ್ತಾಂಬುಲಿನಲ್ಲಿ ತೋರಿಸಿದರು. ಸಾಲುಗಟ್ಟಿದ ಹೊಗೆಗೂಡು,
ಚೀನಾದ ಹಸಿರು ತಟ್ಟೆ. ವಿಷ ತಾಗಿದರೆ
ಬಣ್ಣ ಬದಲಿಸೀತೆಂದು ನಂಬಿದ್ದರಂತೆ.
ಉಪ್ಪು ಹೆಚ್ಚಾದರೆ? ಕೇಳಬೇಕೆನಿಸಿತು,
ನಮ್ಮ ಚೀಫ್ ಇಂಜಿನಿಯರನ ಮುಖ ನೆನಪಾಗಿ.

ಲಿಸ್ಬನ್ನಿನಾಚೆ ಒಂದೂರಲ್ಲಿ ಎರಡು ಚಿಮಣಿ,
ಬೋರಲು ಹಾಕಿದ ಆಲಿಕೆಗಳ ಹಾಗೆ.
ಕೆಳಗೆ ನಿಂತು ಕತ್ತೆತ್ತಿದರೆ ತಟ್ಟೆಯಗಲ ಆಕಾಶ.
ಮಸಿಯೆಲ್ಲ ತೊಳೆದುಬಿಟ್ಟಿದ್ದಾರೆ.
ಅಲ್ಲಿ ನನಗೆ ಸಿಟ್ಟು ಬಂತು.

ಇನ್ನೊಂದು ಕಡೆ, ಊರು ಮರೆತಿದೆ,
ಗಾಜಿನೊಳಗೆ ಒಂದು ಹಿಡಿ ಕಾಳುಮೆಣಸು,
ಮೇಲೆ ಪುಟ್ಟ ದೀಪ, ಹರಳಿಗೆ ಬಿಟ್ಟಂತೆ.
ಮೂಗು ಹಚ್ಚಿ ಮೂಸಿದೆ. ಗದರಿದರು.
ವಾಸನೆ ಬರಲಿಲ್ಲ; ಗಾಜಿನ ಮೇಲೆ ನನ್ನ ಮೂಗಿನ ಜಿಡ್ಡು.
ಒರೆಸುವಷ್ಟರಲ್ಲಿ ಹೊರಬಿದ್ದೆ.

ಗೋಡೆ ತುಂಬ ಚಿತ್ರ. ಕುದುರೆಯದೂ ಇತ್ತು,
ನಾಯಿಗೂ ಹೆಸರಿತ್ತು.
ಭಂಡಾರಿ ಎಲ್ಲೂ ಸಿಗಲಿಲ್ಲ.

ಈಗ ಕಾರವಾರದ ದಂಡೆಯಲ್ಲಿ
ಯುದ್ಧದ ಹಳೆ ಹಡಗೇ ಮ್ಯೂಸಿಯಂ. ಮೊಮ್ಮಗಳು ಎಳೆದೊಯ್ದಳು.
ಬಗ್ಗಿ ಹೊಕ್ಕುವ ಬಾಗಿಲಾಚೆ, ಹಗ್ಗದ ಹಿಂದೆ,
ಬಿಳಿ ಟೊಪ್ಪಿಗೆಯ ಬೊಂಬೆ. ಅಡುಗೆಯವನೇ!
ಆದರೆ ಸೌಟು ಹಿಡಿದಿದ್ದ ಕತ್ತಿ ಹಿಡಿದ ಹಾಗೆ.
ಹಡಗು ಓಲುವಾಗ ಹಾಗೆ ಹಿಡಿದರೆ
ಸಾರು ಮೈಮೇಲೆ; ನನ್ನ ಎಡಗೈ ನೋಡಿ.

ಹಗ್ಗ ದಾಟಿದೆ. ಪ್ಲಾಸ್ಟರಿನ ಬೆರಳು
ಬಗ್ಗಲಿಲ್ಲ. ಸೌಟನ್ನಾದರೂ ತಿರುಗಿಸಿದೆ.
"ಅಜ್ಜಾ, ಮುಟ್ಟಬೇಡಿ!" ಟಿಕೆಟಿನ ಹುಡುಗ ಕೂಗಿದ.
ಮೊಮ್ಮಗಳು ನನ್ನ ಗುರುತೇ ಇಲ್ಲದವಳಂತೆ
ಫಿರಂಗಿಯ ಕಡೆ ನಡೆದಳು.

ಹೊರಗೆ ಗಾಳಿ. ಬೈತಖೋಲಿಗೆ ಬೋಟು ಬರುವ ಹೊತ್ತು.
ಬಂಗಡೆ ಸಿಕ್ಕರೆ ಇವತ್ತು
ಕಾಳುಮೆಣಸು ಕುಟ್ಟಿ ಹಾಕಿಯೇ ಮಾಡುವುದು.
ಎಷ್ಟಕ್ಕೆ ಕೊಡುತ್ತಾರೋ.